ಐದು ಲಾರಿ ಮತ್ತು ಒಂದು ಕ್ವಾಂಟಂ ಯಂತ್ರ

ಎಲ್ಲದಕ್ಕೂ ಮೂಲ ಒಂದು ಬಿಲ್ಲೆ ಕರ್ಪೂರ. ಅದನ್ನು ತರಲು ಹೇಳಿದವರು ವಿಭಾಗದ ಮುಖ್ಯಸ್ಥೆ ಉಮಾಮಹೇಶ್ವರಿ ಮೇಡಂ, ತಂದವನು ಅಟೆಂಡರ್ ಬೆಟ್ಟಸ್ವಾಮಿ, ಹಚ್ಚಿದವನೂ ಅವನೇ. ಅನುಭವಿಸಿದವನು ಮಾತ್ರ ಅತಿಥಿ ಉಪನ್ಯಾಸಕ ಚನ್ನೇಶ.

ಅತಿಥಿ ಎಂದರೆ ನಮ್ಮಲ್ಲಿ ದೇವರ ಸಮಾನ. ಆದರೆ ಅದರ ಹಿಂದೆ ಉಪನ್ಯಾಸಕ ಎಂಬ ಪದ ಸೇರಿಕೊಂಡ ಕೂಡಲೇ ಆ ದೇವರಿಗೆ ಕೂರಲು ಕುರ್ಚಿಯೂ ಇರುವುದಿಲ್ಲ. ತುಮಕೂರಿನ ಜಯಮಂಗಲಿ ವಿಶ್ವವಿದ್ಯಾಲಯದಲ್ಲಿ ಚನ್ನೇಶ ಹೀಗೆ ಒಂಬತ್ತು ವರ್ಷಗಳಿಂದ ಅತಿಥಿಯಾಗಿದ್ದ. ಕ್ವಾಂಟಂ ಲೋಕದಲ್ಲಿ ಒಂದು ಕಣ ಏಕಕಾಲಕ್ಕೆ ಎರಡು ಸ್ಥಿತಿಯಲ್ಲಿ ಇರಬಲ್ಲದು, ನೋಡಿದಾಗ ಮಾತ್ರ ಒಂದು ಸ್ಥಿತಿ ಖಚಿತವಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ವಿವರಿಸಲು ಅವನು ಹೊರಗಿನ ಉದಾಹರಣೆ ಹುಡುಕಬೇಕಾಗಿರಲಿಲ್ಲ. ಪ್ರತಿ ಜೂನ್ ತಿಂಗಳಲ್ಲೂ ಅವನ ಕೆಲಸ ಇರುತ್ತಿತ್ತು, ಇರುತ್ತಲೂ ಇರಲಿಲ್ಲ. ಆದೇಶಪತ್ರ ತೆರೆದು ನೋಡಿದಾಗಲೇ ತಿಳಿಯುತ್ತಿದ್ದುದು.

ಈ ವಿಶ್ವವಿದ್ಯಾಲಯಕ್ಕೆ ಯಾವುದೋ ಯೋಜನೆಯ ಅನುದಾನದಲ್ಲಿ ಒಂದು ಕ್ವಾಂಟಂ ಕಂಪ್ಯೂಟರ್ ಬಂದಿತ್ತು. ಬಂದಮೇಲೆ ಒಂದೂವರೆ ವರ್ಷ ಪೆಟ್ಟಿಗೆಯಲ್ಲೇ ಇತ್ತು, ಏಕೆಂದರೆ ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬುದು ತೀರ್ಮಾನವಾಗಿರಲಿಲ್ಲ. ಕೊನೆಗೆ ಅನುದಾನ ಕೊಟ್ಟವರಿಂದ ಪತ್ರ ಬಂತು: ಯಂತ್ರದಿಂದ ಕೈಗಾರಿಕೆಗೆ ಏನು ಉಪಯೋಗವಾಗಿದೆ ತಿಳಿಸಿ, ಇಲ್ಲವಾದರೆ ಯಂತ್ರ ವಾಪಸು ಕಳಿಸಿ. ಆಗ ಕುಲಪತಿಗಳು ಚನ್ನೇಶನನ್ನು ಕರೆಸಿ, ನಿಂತೇ ಇರಲು ಹೇಳಿ, ಒಂದು ಮಾತು ಕೊಟ್ಟರು.

"ನೋಡಿ ಚನ್ನೇಶ್, ಈ ಪ್ರಾಜೆಕ್ಟ್‌ನಲ್ಲಿ ಒಂದೇ ಒಂದು ಖಾಯಂ ಹುದ್ದೆ ಇದೆ. ಯಾವುದಾದ್ರೂ ಫ್ಯಾಕ್ಟ್ರಿ ಹಿಡೀರಿ, ಮಿಷಿನ್ ಉಪಯೋಗಕ್ಕೆ ಬರುತ್ತೆ ಅಂತ ತೋರ್ಸಿ. ಡೆಮೋ ಮುಗಿದ ಕೂಡ್ಲೇ ಅಲ್ಲೇ ಆರ್ಡರ್‌ಗೆ ಸೈನ್ ಮಾಡ್ತೀನಿ."

ಚನ್ನೇಶ ಹಿಡಿದದ್ದು ಗುಬ್ಬಿಯ ಬಳಿ ತೆಂಗಿನಪುಡಿ ಕಾರ್ಖಾನೆ ನಡೆಸುವ ದಯಾನಂದರನ್ನು. ಅವರ ಐದು ಲಾರಿಗಳು ದಿನವೂ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕಿನ ಇಪ್ಪತ್ತೆರಡು ತೋಟ ಸುತ್ತಿ ಕಾಯಿ ತುಂಬಿಕೊಂಡು ಬರಬೇಕು. ಯಾವ ಲಾರಿ ಯಾವ ತೋಟಕ್ಕೆ ಯಾವ ಕ್ರಮದಲ್ಲಿ ಹೋದರೆ ಹೊತ್ತೂ ಡೀಸೆಲ್ಲೂ ಉಳಿದೀತು? ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕುತ್ತ ಕೂತರೆ ಇವತ್ತು ಸಸಿ ನೆಟ್ಟವನ ಮೊಮ್ಮಗ ಕಾಯಿ ಕೀಳುವ ಹೊತ್ತಿಗೂ ಮುಗಿಯುವುದಿಲ್ಲ. ಕ್ವಾಂಟಂ ಯಂತ್ರಕ್ಕೆ ಹೇಳಿ ಮಾಡಿಸಿದ ಕೆಲಸ. ಚನ್ನೇಶ ಆರು ತಿಂಗಳು ನಿದ್ದೆಗೆಟ್ಟು ಪ್ರೋಗ್ರಾಂ ಬರೆದ, ಯಂತ್ರವನ್ನು ಮೈನಸ್ ಇನ್ನೂರ ಎಪ್ಪತ್ಮೂರು ಡಿಗ್ರಿಯ ಹತ್ತಿರಕ್ಕೆ ಇಳಿಸಿದ. ಯಂತ್ರ ನಿಜಕ್ಕೂ ಕೆಲಸ ಮಾಡುತ್ತಿತ್ತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ನಂಬುವುದಿಲ್ಲ.

ಡೆಮೋ ಇದ್ದದ್ದು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ. ಎಂಟೂವರೆಗೆ ಚನ್ನೇಶ ಲ್ಯಾಬಿನ ಬಾಗಿಲು ತೆರೆದರೆ ಯಂತ್ರದ ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಬೆಟ್ಟಸ್ವಾಮಿ ಕೈಯಲ್ಲಿ ಕಾಯಿ ಹಿಡಿದು ಯಂತ್ರದ ಕಾಲನ್ನೇ ನೋಡುತ್ತಿದ್ದ.

"ಏಯ್ ಬೆಟ್ಟಸ್ವಾಮಿ! ಅದಕ್ಕೆ ಹೊಡೀಬೇಡ ಕಣಪ್ಪ, ಒಂಚೂರು ಅದುರಿದ್ರೂ ಕೆಟ್ಟೋಗುತ್ತೆ!"

ಉಮಾಮಹೇಶ್ವರಿ ಮೇಡಂ ಮಂಗಳಾರತಿ ತಟ್ಟೆಯೊಂದಿಗೆ ಒಳಗೆ ಬಂದರು. "ಏನ್ರೀ ಚನ್ನೇಶ್, ಹೊಸ ಸ್ಕೂಟಿ ತಗೊಂಡ್ರೂ ಚಕ್ರಕ್ಕೆ ನಿಂಬೆಹಣ್ಣು ಇಡ್ತೀವಿ. ಕೋಟಿಗಟ್ಲೆ ಮಿಷಿನ್ನು, ದೃಷ್ಟಿ ತೆಗೀದೆ ಬಿಡೋಕಾಗುತ್ತಾ? ಬರೋರ ಕಣ್ಣು ಎಂಥೆಂಥದ್ದಿರುತ್ತೋ."

"ಮೇಡಂ, ಹೊಗೆ ಆದ್ರೆ ಡಿಟೆಕ್ಟರ್ ಹೊಡ್ಕೊಳ್ಳುತ್ತೆ. ಕರೆಂಟ್ ಕಟ್ಟಾಗುತ್ತೆ."

"ದೇವ್ರ ಹೊಗೆಗೆಲ್ಲ ಹಂಗಾಗಲ್ಲ ರೀ. ನಾನೂ ಫಿಸಿಕ್ಸ್ ಓದಿದೀನಿ."

ಹತ್ತು ನಿಮಿಷ ವಾದವಾಗಿ ರಾಜಿಯಾಯಿತು. ಕಾಯಿ ಹೊರಗೆ, ಕರ್ಪೂರ ಒಳಗೆ. ಅರ್ಧ ಗೆದ್ದೆ ಎಂದುಕೊಂಡ ಚನ್ನೇಶ. ಒಂಬತ್ತು ವರ್ಷದಲ್ಲಿ ಅವನು ಅಷ್ಟು ಗೆದ್ದದ್ದು ಅದೇ ಮೊದಲು.

ಬೆಟ್ಟಸ್ವಾಮಿ ಭಕ್ತಿಯಲ್ಲಿ ಜಿಪುಣನಲ್ಲ. ಯಂತ್ರಕ್ಕೆ ಒಂದು ಸುತ್ತು ಆರತಿ ಎತ್ತಿ, ಆಮೇಲೆ ಮೇಲಿನ ಭಾಗಕ್ಕೂ ಕಾಣಲೆಂದು ಸ್ಟೂಲು ಹತ್ತಿದ. ಸ್ಟೂಲಿನ ಮೇಲೆ ಅವನು, ಅವನ ಕೈಯಲ್ಲಿ ತಟ್ಟೆ, ತಟ್ಟೆಯ ನೇರ ಮೇಲೆ ಸೂರಿನಲ್ಲಿ ಡಿಟೆಕ್ಟರ್. ಒಂದು ಗಳಿಗೆ ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ಬಿಡುವಷ್ಟರಲ್ಲಿ ಸೈರನ್ನು ಕಿರುಚತೊಡಗಿತ್ತು, ದೀಪಗಳು ಆರಿದ್ದವು, ಯಂತ್ರವನ್ನು ತಣ್ಣಗಿಡಲು ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಪಂಪು ನಿಟ್ಟುಸಿರು ಬಿಟ್ಟು ನಿಂತಿತ್ತು.

ಎಲೆಕ್ಟ್ರಿಷಿಯನ್ ಬಂದು ಕರೆಂಟು ಕೊಡುವ ಹೊತ್ತಿಗೆ ಒಂಬತ್ತೂವರೆ. ದೀಪಗಳೆಲ್ಲ ಬಂದವು, ಯಂತ್ರ ಮೊದಲಿನಂತೆಯೇ ಮಿಣುಕಿತು. ಆದರೆ ಒಳಗಿನ ಚಳಿ ಹೋಗಿಬಿಟ್ಟಿತ್ತು.

"ಮತ್ತೆ ತಣ್ಣಗಾಗೋಕೆ ಎಷ್ಟೊತ್ತು ಬೇಕ್ರೀ?" ಮೇಡಂ ಕೇಳಿದರು.

"ಎರಡು ದಿನ."

"ಎರಡು ದಿನಾನಾ! ನೀವು ಮೊದ್ಲೇ ಹೇಳ್ಬಾರ್ದಿತ್ತೇನ್ರೀ?"

ಚನ್ನೇಶನಿಗೆ ಅಳು ಬಂತು. ಆರು ತಿಂಗಳ ದುಡಿಮೆ, ಒಂಬತ್ತು ವರ್ಷದ ಕಾಯುವಿಕೆ, ಎಲ್ಲವೂ ಒಂದು ಬಿಲ್ಲೆ ಕರ್ಪೂರದಂತೆ ಬೂದಿಯೂ ಉಳಿಯದೆ ಹೋಯಿತಲ್ಲ ಎಂದು ಅವನು ಸ್ಟೂಲಿನ ಮೇಲೆ ಕುಸಿದ. ಅಷ್ಟರಲ್ಲಿ ಬೆಟ್ಟಸ್ವಾಮಿ ಪಾಪ ಪರಿಹಾರಕ್ಕೆ ಮುಂದಾದ. "ಸಾರ್, ತಣ್ಣಗಾಗ್ಬೇಕು ತಾನೆ? ಜ್ಯೂಸ್ ಅಂಗ್ಡಿ ನಮ್ ಷಡ್ಕಂದೇ. ಐಸ್ ತತ್ತೀನಿ ಇರಿ." ಬೇಡ ಎನ್ನುವಷ್ಟರಲ್ಲಿ ಹೋದ, ಹದಿನೈದು ನಿಮಿಷದಲ್ಲಿ ಒಂದು ಗೋಣಿಚೀಲ ಐಸ್ ತಂದು ಯಂತ್ರದ ಬೆನ್ನಿಗೆ ಒತ್ತಿ ಕಟ್ಟಿ, ಮೇಲೆ ಸನ್ಮಾನಕ್ಕೆಂದು ತಂದಿದ್ದ ಶಾಲು ಹೊದಿಸಿದ. ಜ್ವರ ಬಂದವನಿಗೆ ಪಟ್ಟಿ ಹಾಕಿದಂತಿತ್ತು.

ಮೇಡಂ ಬಾಗಿಲು ಹಾಕಿಕೊಂಡು ದನಿ ತಗ್ಗಿಸಿದರು. "ಕೇಳಿ ಚನ್ನೇಶ್. ಲೈಟ್ ಉರೀತಿದೆ, ಸದ್ದು ಬರ್ತಿದೆ. ಅವ್ರಿಗೆ ಬೇಕಾಗಿರೋದು ಒಂದು ಉತ್ತರ. ಉತ್ತರ ಎಲ್ಲಿಂದ ಬಂತು ಅಂತ ಯಾರ್ ನೋಡ್ತಾರೆ? ನಿಮ್ ಲ್ಯಾಪ್‌ಟಾಪಲ್ಲಿ ಮಾಡಿ. ನಿಮ್ ಆರ್ಡರ್‌ಗೋಸ್ಕರ ಹೇಳ್ತಿದೀನಿ, ನನಗೇನು ಆಗ್ಬೇಕಾಗಿಲ್ಲ."

ಚನ್ನೇಶ ಪ್ರಾಮಾಣಿಕ. ಆದರೆ ಖಾಯಂ ಆಗದ ಮನುಷ್ಯನ ಪ್ರಾಮಾಣಿಕತೆಯೂ ಖಾಯಂ ಇರುವುದಿಲ್ಲ. ಅವನು ಲ್ಯಾಪ್‌ಟಾಪು ತೆರೆದ. ಅದು ಅಪ್‌ಡೇಟ್ ಮಾಡಿಕೊಳ್ಳುತ್ತೇನೆ ಎಂದು ಇಪ್ಪತ್ತೈದು ನಿಮಿಷ ಕೂತಿತು. ಹತ್ತೂಕಾಲಿಗೆ ಎದ್ದು, ಹತ್ತೂವರೆಗೆ ಒಂದು ಅಂದಾಜಿನ ಉತ್ತರ ಕೊಟ್ಟಿತು. ಉತ್ತರ ಬಹಳ ಚೆನ್ನಾಗಿತ್ತು, ಒಂದು ಲಾರಿ ಲೋಡು ಕಾಯಿ ಹೊತ್ತು ದೇವರಾಯನದುರ್ಗದ ಬೆಟ್ಟ ಹತ್ತಿ ಆಚೆ ಇಳಿಯಬೇಕೆಂಬುದೊಂದನ್ನು ಬಿಟ್ಟು. ಆ ತಿರುವುಗಳಲ್ಲಿ ಚನ್ನೇಶನ ಬೈಕೇ ಎರಡು ಸಲ ಗೇರು ಇಳಿಸುತ್ತಿತ್ತು. ಲಾರಿ ಹತ್ತಿದರೆ ಲಾರಿ ಮೇಲಿರುತ್ತಿತ್ತು, ಕಾಯಿ ಕೆಳಗಿರುತ್ತಿತ್ತು.

ಆಗ ಅವನಿಗೆ ಕಾಳಯ್ಯನ ನೆನಪಾಯಿತು. ದಯಾನಂದರ ಕಾರ್ಖಾನೆಯ ಅಂಗಳದಲ್ಲಿ ಮೂವತ್ತು ವರ್ಷದಿಂದ ಯಾವ ಲಾರಿ ಎಲ್ಲಿಗೆ ಹೋಗಬೇಕೆಂದು ಹೇಳಿ ಕಳಿಸುತ್ತಿದ್ದವನು ಅವನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ತೋಟಗಳ ಪಟ್ಟಿಯನ್ನು ಚನ್ನೇಶನಿಗೆ ಬಾಯಲ್ಲೇ ಹೇಳಿ ಬರೆಸಿದ್ದವನು. ಚನ್ನೇಶ ಫೋನು ಮಾಡಿದ.

"ಯಾರು? ಓ, ಮೇಷ್ಟ್ರಾ! ಏನ್ ಸಾ, ಮಿಷಿನ್ ಏನಂತದೆ?"

"ಮಿಷಿನ್ ಚೆನ್ನಾಗಿದೆ ಕಾಳಯ್ಯ. ಸುಮ್ನೆ ಹೋಲಿಸಿ ನೋಡೋಕೆ ಕೇಳ್ತಿದೀನಿ. ಇವತ್ತು ನೀವಾಗಿದ್ರೆ ಲಾರಿ ಹೆಂಗ್ ಕಳಿಸ್ತಿದ್ರಿ?"

"ನಾನಾಗಿದ್ರೆ ಅಂತ ಏನ್ ಬಂತು, ದಿನಾ ನಾನೇ ಅಲ್ವಾ ಬುಡಾದು. ಇವತ್ತು ಮಿಷಿನ್ ಹೇಳೋಗಂಟ ಒಂದ್ ಲಾರೀನೂ ಬುಡ್ಬೇಡ ಅಂದವ್ರೆ ಯಜಮಾನ್ರು. ಐದು ಜನ ಡ್ರೈವರ್ರೂ ಬೀಡಿ ಸೇದ್ಕಂಡು ಕುಂತವ್ರೆ. ಬರ್ಕಳಿ. ಒಂದ್ನೇ ಲಾರಿ ಯಡಿಯೂರ್ ಕಡೀಕೆ. ಸೋಮವಾರ, ದೇವಸ್ಥಾನದತ್ರ ಜನವೋ ಜನ. ಹೋಗ್ವಾಗ ಸಿ.ಎಸ್. ಪುರದ ಮ್ಯಾಲೆ ಹೋಗಿ, ಬರ್ವಾಗ ಕುಣಿಗಲ್ ಮ್ಯಾಲೆ ಬರ್ಬೇಕು, ಹೆಬ್ಬೂರಲ್ಲಿ ಎರಡು ತೋಟ ಮುಗಿಸ್ಕಂಡು."

ಚನ್ನೇಶ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಟೈಪು ಮಾಡುತ್ತಿದ್ದ.

"ಎರಡ್ನೇದು ಊರ್ಡಿಗೆರೆ. ಅಲ್ಲಿ ಹನುಮಕ್ಕನ ತೋಟ ಐತೆ. ಆಯಮ್ಮ ಉಣ್ಣೋಗಂಟ ಕಾಯಿ ಮುಟ್ಟಾಕೆ ಬುಡಕ್ಕಿಲ್ಲ. ಉಂಡ್ಮೇಲೆ ಮನೀಕತದೆ, ಎಬ್ಬಿಸಂಗಿಲ್ಲ. ನಡುವೆ ಅರ್ಧ ಗಂಟೆ ಸಿಗ್ತದೆ, ಅಷ್ಟ್ರಾಗೆ ಲೋಡ್ ಆಗ್ಬೇಕು. ಮೂರ್ನೇದು ಮುತ್ತುರಾಜನ್ ಲಾರಿ. ಅವ್ನ ಮಾವನ ಮನೆ ಚೇಳೂರಲ್ಲೈತೆ. ಅವ್ನ್ನ ಆ ಕಡೀಕೆ ಬುಟ್ರೆ ನಾಳೆ ಬತ್ತಾನೆ. ಕಡಬಕ್ಕೆ ಬುಡಿ."

ಹೀಗೆ ಐದು ಲಾರಿಯೂ ಮುಗಿಯುವಷ್ಟರಲ್ಲಿ ಹೊರಗೆ ಕಾರಿನ ಹಾರ್ನು. ಕಾಳಯ್ಯ ಹೇಳಿದ್ದನ್ನು ತಿದ್ದಲು ಹೊತ್ತಿರಲಿಲ್ಲ. ಚನ್ನೇಶ ಮೇಲೆ 'ಕ್ವಾಂಟಂ ಯಂತ್ರದ ಫಲಿತಾಂಶ' ಎಂದು ದಪ್ಪಕ್ಷರದಲ್ಲಿ ಬರೆದು ಸೇವ್ ಮಾಡಿದ.

ಕುಲಪತಿಗಳು ಮುಂದೆ, ದಯಾನಂದರು ಹಿಂದೆ, ಅವರ ಹಿಂದೆ ಫೋಟೋ ತೆಗೆಯುವವನು. ಬೆಟ್ಟಸ್ವಾಮಿ ಯಂತ್ರಕ್ಕೆ ಬೆನ್ನು ಕೊಟ್ಟು ಗೋಣಿಚೀಲ ಮರೆಮಾಡಿ ನಿಂತ. ಕುಲಪತಿಗಳು ಅವನನ್ನು ಪಕ್ಕಕ್ಕೆ ಸರಿಸಿ ಯಂತ್ರದ ಮೈ ಮುಟ್ಟಿದರು. "ಅಬ್ಬಾ! ಏನ್ ತಣ್ಣಗಿದೆ ದಯಾನಂದ್ ಅವ್ರೇ, ಮುಟ್ಟಿ ನೋಡಿ. ಮೈನಸ್ ಇನ್ನೂರ ಎಪ್ಪತ್ಮೂರು ಅಂದ್ರೆ ಸುಮ್ನೇನಾ!" ಯಂತ್ರ ಸರಿಯಾಗಿದ್ದಾಗ ಹೊರಮೈ ಮನೆಯ ಬೀರುವಿನಷ್ಟೇ ಬೆಚ್ಚಗಿರುತ್ತದೆಂದು ಅವರಿಗೆ ಹೇಳುವವರು ಯಾರು?

"ಕೆಳಗೆಲ್ಲ ನೀರಿದೆಯಲ್ರೀ?" ದಯಾನಂದರು ಪಂಚೆ ಎತ್ತಿಕೊಂಡರು.

"ಕ್ವಾಂಟಂ ಬೆವರು ಸಾರ್," ಎಂದ ಬೆಟ್ಟಸ್ವಾಮಿ. ಕುಲಪತಿಗಳು ತಿಳಿದವರಂತೆ ತಲೆಯಾಡಿಸಿದರು.

ಚನ್ನೇಶ ಗುಂಡಿ ಒತ್ತಿದ. ಪ್ರಿಂಟರಿನಿಂದ ಹಾಳೆ ಬಂತು. ಚಪ್ಪಾಳೆಯಾಯಿತು. ದಯಾನಂದರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲಕ್ಕೆ ಹೋಯಿತು. ಚನ್ನೇಶನ ಜೀವ ಕೆಳಕ್ಕೆ ಹೋಯಿತು.

"ಅಲ್ರೀ ಮೇಷ್ಟ್ರೇ, ಊರ್ಡಿಗೆರೆ ಹನುಮಕ್ಕ ಊಟ ಮಾಡಿ ಮಲಗೋದು ಈ ಮಿಷಿನ್‌ಗೆ ಹೆಂಗ್ ಗೊತ್ತಾಯ್ತು?"

"ಸರ್, ಅದು... ಕ್ವಾಂಟಂನಲ್ಲಿ ನಿದ್ದೆ, ಎಚ್ಚರ ಎರಡು ಸ್ಥಿತೀನೂ ಒಟ್ಟಿಗೇ ಲೆಕ್ಕಕ್ಕೆ ಬರುತ್ತೆ."

"ಮುತ್ತುರಾಜನ ಮಾವನ ಮನೆ?"

"ಅದು ಎಂಟ್ಯಾಂಗಲ್‌ಮೆಂಟ್ ಸರ್. ಎಷ್ಟು ದೂರ ಇದ್ರೂ ಸಂಬಂಧ ಕಡಿಯಲ್ಲ."

ದಯಾನಂದರು ಹಾಳೆಯನ್ನೂ ಯಂತ್ರವನ್ನೂ ಚನ್ನೇಶನನ್ನೂ ಸರದಿಯಂತೆ ನೋಡಿದರು. ಜಗತ್ತಿನಲ್ಲಿ ಇದನ್ನು ಬಲ್ಲವನು ಒಬ್ಬನೇ ಎಂಬುದು ಅವರಿಗೆ ಗೊತ್ತಿತ್ತು. ಫೋನು ತೆಗೆದು ಸ್ಪೀಕರ್ ಹಾಕಿದರು. "ಏನ್ಲಾ ಕಾಳಯ್ಯ, ಇವತ್ತು ನಿನ್ನ ಕೇಳಿದ್ರೆ ಲಾರಿ ಹೆಂಗ್ ಬಿಡ್ತಿದ್ದೆ? ಹೇಳು."

"ಈಗ್ತಾನೆ ಹೇಳಿದ್ನಲ್ಲ ಯಜಮಾನ್ರೇ..." ಎಂದಿತು ಫೋನು. ಚನ್ನೇಶನಿಗೆ ಭಯಂಕರ ಕೆಮ್ಮು ಬಂತು. ಬೆಟ್ಟಸ್ವಾಮಿಗೂ ಅಂಟಿತು. ಮೇಡಂ ಕುಡಿಯುವ ನೀರು ತರಿಸುವ ಗದ್ದಲ ಎಬ್ಬಿಸಿದರು. ಗದ್ದಲ ನಿಲ್ಲುವ ಹೊತ್ತಿಗೆ ಕಾಳಯ್ಯ ಯಡಿಯೂರು ದಾಟಿ ಹನುಮಕ್ಕನ ಊಟದ ತನಕ ಬಂದಿದ್ದ. ಅಕ್ಷರ ಅಕ್ಷರವೂ ಹಾಳೆಯಲ್ಲಿದ್ದಂತೆಯೇ ಹೇಳಿ ಮುಗಿಸಿದ.

ಚನ್ನೇಶ ಕಣ್ಣು ಮುಚ್ಚಿದ. ಮುಗಿಯಿತು, ಈಗ ಬೈಗುಳ, ಆಮೇಲೆ ಬೀದಿ ಎಂದುಕೊಂಡ.

"ಅದ್ಭುತ!" ಎಂದು ಕುಲಪತಿಗಳು ಕುರ್ಚಿಯಿಂದೆದ್ದರು. "ನಮ್ ಮಿಷಿನ್ ಸರಿಯಾಗಿ ಹೇಳಿದೆ ಅಂತ ಫೀಲ್ಡ್‌ನಲ್ಲೇ ಸಾಬೀತಾಯ್ತು!"

"ಅಲ್ಲ ಸ್ವಾಮಿ," ದಯಾನಂದರ ಕಣ್ಣು ತುಂಬಿತ್ತು. "ನಮ್ ಕಾಳಯ್ಯ ಸರಿಯಾಗಿ ಹೇಳ್ತಿದ್ದ ಅಂತ ಮಿಷಿನ್ ಒಪ್ಕೊಂಡಿದೆ. ಮೂವತ್ತು ವರ್ಷ ನಾನು ಅವ್ನಿಗೆ ಏನ್ಲಾ ಅಂದ್ಬಿಟ್ನಲ್ಲ!"

ಇಬ್ಬರಿಗೂ ಸಂತೋಷವಾಗಿತ್ತಾದ್ದರಿಂದ ವಿಶ್ವವಿದ್ಯಾಲಯಕ್ಕೂ ಕಾರ್ಖಾನೆಗೂ ನಡುವಿನ ಒಪ್ಪಂದಕ್ಕೆ ಅಲ್ಲೇ ಸಹಿ ಬಿತ್ತು. ಲಾರಿಗಳನ್ನು ಬಿಡಲು ಫೋನಿನಲ್ಲಿ ಅಪ್ಪಣೆಯೂ ಹೋಯಿತು. ಆಮೇಲೆ ಕುಲಪತಿಗಳು ಕೊಟ್ಟ ಮಾತಿನಂತೆ ಫೈಲಿನಿಂದ ಆದೇಶಪತ್ರ ತೆಗೆದರು. ಹುದ್ದೆ ಟೈಪಾಗಿತ್ತು, ಹೆಸರಿನ ಜಾಗ ಖಾಲಿಯಿತ್ತು. ಚನ್ನೇಶ ಒಂದು ಹೆಜ್ಜೆ ಮುಂದೆ ಬಂದು ನಿಂತ. ಹೆಂಡತಿ ಅಕ್ಷತಾಳಿಗೆ ಯಾವ ಮಾತಿನಲ್ಲಿ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಅವನಿಗೆ ನಿಜವಾಗಿಯೂ ಎದೆ ತುಂಬಿ ಬಂತು.

"ಮುಂದಿನ ತಿಂಗಳು ನಮಗೆ ಗ್ರೇಡ್ ಕೊಡೋಕೆ ನ್ಯಾಕ್ ತಂಡ ಬರುತ್ತೆ," ಎಂದರು ಕುಲಪತಿಗಳು ಪೆನ್ನಿನ ಮುಚ್ಚಳ ತೆಗೆಯುತ್ತ. "ಕೈಗಾರಿಕೆಯಿಂದ ಬಂದ ಅಧ್ಯಾಪಕರು ಎಷ್ಟು ಜನ ಅಂತ ಮೊದಲ್ನೇ ಪ್ರಶ್ನೆ. ನಮ್ಮ ಉತ್ತರ ಸೊನ್ನೆ. ಈಗ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ತಗೋಬಹುದು. ಡಿಗ್ರಿ ಬೇಡ, ಅನುಭವ ಸಾಕು. ಕ್ವಾಂಟಂ ಕಂಪ್ಯೂಟರ್ ಹೇಳೋದನ್ನ ಬಾಯಲ್ಲೇ ಹೇಳೋ ಮನುಷ್ಯ ದೇಶದಲ್ಲಿ ಇನ್ನೆಲ್ಲಿ ಸಿಗ್ತಾನೆ?" ಖಾಲಿ ಜಾಗದಲ್ಲಿ ದುಂಡಗೆ ಬರೆದರು: ಶ್ರೀ ಕಾಳಯ್ಯ.

"ಸರ್, ಆ ಹುದ್ದೆ ನನಗೆ ಅಂತ..."

"ನಿಮಗೇನ್ರೀ, ಪಿಎಚ್‌ಡಿ ಇದೆ. ಎಲ್ಲಾದ್ರೂ ಸಿಗುತ್ತೆ."

ಚನ್ನೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಉತ್ತರ ಕೊಟ್ಟದ್ದು ಕಾಳಯ್ಯ ಎಂದು ನಿಜ ಹೇಳಿದರೆ ಮೋಸ ಮಾಡಿದ್ದಕ್ಕೆ ತನ್ನ ಕೆಲಸ ಹೋಗುತ್ತದೆ. ಯಂತ್ರವೇ ಎಂದು ಸುಮ್ಮನಿದ್ದರೆ ಕಾಳಯ್ಯ ಯಂತ್ರದ ಸಮಾನನಾಗುತ್ತಾನೆ, ಕೆಲಸ ಅವನಿಗೆ ಹೋಗುತ್ತದೆ. ಎರಡು ಸ್ಥಿತಿಯಲ್ಲೂ ಹೋಗುವುದು ಒಂದೇ. ಇಂಥದ್ದನ್ನು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ದಯಾನಂದರು ತಲೆ ಕೆರೆದುಕೊಂಡರು. "ಎಲ್ಲಾ ಸರಿ ಸ್ವಾಮಿ. ಕಾಳಯ್ಯನ್ನ ನೀವು ಕರ್ಕೊಂಡ್ರೆ ನಮ್ ಲಾರಿ ಕಳ್ಸೋರು ಯಾರು?"

ಕುಲಪತಿಗಳು ಒಪ್ಪಂದದ ಹಾಳೆ ತಿರುವಿದರು. "ಏಳನೇ ಕಲಂ. ಸಿಬ್ಬಂದಿ ವಿನಿಮಯ. ನೀವು ಒಬ್ಬರನ್ನ ಕೊಟ್ರೆ ನಾವೂ ಒಬ್ಬರನ್ನ ಕೊಡ್ಬೇಕು." ಸುತ್ತ ನೋಡಿದರು. ಉಮಾಮಹೇಶ್ವರಿ ಮೇಡಂ ತಕ್ಷಣ ನೆರವಿಗೆ ಬಂದರು. "ನಮ್ ಚನ್ನೇಶ್ ಇದಾರಲ್ಲ ಸರ್. ಖಾಯಂ ಅಲ್ಲ, ಎಲ್ಲಿಗೆ ಬೇಕಾದ್ರೂ ಕಳಿಸ್ಬಹುದು. ಪಾಪ, ಲಾರಿ ವಿಷಯದಲ್ಲಿ ಆರು ತಿಂಗಳು ರಿಸರ್ಚ್ ಮಾಡಿದಾರೆ."

"ಟೆಕ್ನಾಲಜಿ ಟ್ರಾನ್ಸ್‌ಫರ್ ಅಂದ್ರೆ ಇದೇ ಕಣ್ರೀ!" ಎಂದು ಕುಲಪತಿಗಳು ಚನ್ನೇಶನ ಬೆನ್ನು ತಟ್ಟಿದರು. ಫೋಟೋದವನು ಆ ಕ್ಷಣವನ್ನು ಹಿಡಿದ. ಮರುದಿನದ ಪತ್ರಿಕೆಯಲ್ಲಿ ಬಂದದ್ದು ಅದೇ. ಚಿತ್ರದಲ್ಲಿ ಚನ್ನೇಶ ನಗುತ್ತಿರುವಂತೆಯೇ ಕಾಣುತ್ತಾನೆ.

ಮುಂದಿನ ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಗುಬ್ಬಿಯ ಕಾರ್ಖಾನೆಯ ಅಂಗಳದಲ್ಲಿ ಐದು ಲಾರಿಗಳು ಗುರುಗುಡುತ್ತ ನಿಂತಿದ್ದವು. ಚನ್ನೇಶ ಕಾಳಯ್ಯನ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ಒಂಬತ್ತು ವರ್ಷದಲ್ಲಿ ಅವನಿಗೆಂದೇ ಸಿಕ್ಕ ಮೊದಲ ಕುರ್ಚಿ ಅದು. ಆ ವಾರ ಹೊಸದಾಗಿ ಆರು ತೋಟ ಸೇರಿದ್ದವು, ಹೆಬ್ಬೂರಿನ ರಸ್ತೆ ಅಗೆದಿದ್ದರು. ಮುತ್ತುರಾಜ ಚೇಳೂರಿಗೆ ನಾನೇ ಹೋಗುತ್ತೇನೆಂದು ಅರ್ಧ ಗಂಟೆಯಿಂದ ಪೀಡಿಸುತ್ತಿದ್ದ. ಯಂತ್ರ ತುಮಕೂರಿನಲ್ಲಿತ್ತು, ಅದನ್ನು ನಡೆಸಬಲ್ಲ ಒಬ್ಬನೇ ಒಬ್ಬ ಇಲ್ಲಿದ್ದ. ಚನ್ನೇಶ ಎರಡು ಹಾಳೆ ಗೀಚಿ ಹರಿದು, ನಾಚಿಕೆ ಬಿಟ್ಟು ಫೋನು ಮಾಡಿದ.

"ಪ್ರೊಫೆಸರ್ ಕಾಳಯ್ಯನವ್ರೇ, ನಾನು ಚನ್ನೇಶ. ಇವತ್ತು ಲಾರಿ ಹೆಂಗ್ ಬಿಡ್ಲಿ, ಸ್ವಲ್ಪ ಹೇಳಿ."

"ಕ್ಲಾಸಲ್ಲಿವ್ನಿ ಮೇಷ್ಟ್ರೇ," ಕಾಳಯ್ಯ ಪಿಸುಗುಟ್ಟಿದ. "ಅಲ್ಲ ಸಾ, ನನ್ನ್ಯಾಕ್ ಕೇಳೀರಿ? ಮಿಷಿನ್ ಐತಲ್ಲ! ಅದು ನನ್ಗಿಂತ ಚೆನ್ನಾಗಿ ಹೇಳ್ತದೆ. ಇವತ್ತು ಮಕ್ಳಿಗೂ ಅದೇ ಪಾಠ ಮಾಡ್ತಾವ್ನಿ."

ಫೋನು ಕಟ್ಟಾಯಿತು.